ಒಂದು ‘ಡೌಟ್’ ಮಾಡಿದ ಫಜೀತಿ: ಆಫರ್ ಮೇಲ್‌ಗೆ ಉತ್ತರ ಬರೆದ ಪ್ರಕರಣ

ಇದು 2023ರ ನವೆಂಬರ್‌ನಲ್ಲಿ ನಡೆದದ್ದು. ಹುಡುಗಿಯ ಹೆಸರು ಹೇಳುವುದಿಲ್ಲ, ಕಂಪನಿಗಳ ಹೆಸರೂ ಇಲ್ಲ. ಸಂಬಳದ ಅಂಕಿಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ, ಲೆಕ್ಕದ ರೀತಿ ಮಾತ್ರ ಇದ್ದ ಹಾಗೇ ಇದೆ. ಬರೆಯಲು ಅವಳ ಒಪ್ಪಿಗೆ ಇದೆ. "ಬರೀರಿ ಅಕ್ಕ, ಆದ್ರೆ ನನ್ನ ಮೊದಲನೇ ಮೇಲ್ ಹಾಕಬೇಡಿ, ಮಾನ ಹೋಗುತ್ತೆ" ಅಂದಿದ್ದಳು. ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿ, "ಹಾಕಿಬಿಡಿ, ನನ್ನ ಹಾಗೇ ಬರೆಯೋರು ಬೇಕಾದಷ್ಟು ಜನ ಇದಾರೆ" ಅಂದಳು. ಹಾಗಾಗಿ ಹಾಕಿದ್ದೇನೆ.

ನಾನು ಹನ್ನೊಂದು ವರ್ಷ ಬೆಂಗಳೂರಿನ ಐಟಿ ಕಂಪನಿಗಳಿಗೆ ಜನ ಹುಡುಕಿಕೊಡುವ ಕೆಲಸ ಮಾಡಿದವಳು. ಆಫರ್ ಕಳಿಸುವ ಕಡೆಯೇ ಕೂತು ಉತ್ತರಗಳನ್ನು ಓದಿ ಓದಿ ರೂಢಿ. ಈ ಸಲ ಮೊದಲ ಬಾರಿಗೆ ಉತ್ತರ ಬರೆಯುವವರ ಪಕ್ಕದಲ್ಲಿ ಕೂತೆ. ಅಲ್ಲಿಂದ ನೋಡಿದರೆ ಕಥೆ ಬೇರೆಯೇ.

ಹಿನ್ನೆಲೆ

ಹುಡುಗಿ ಹಾಸನ ಜಿಲ್ಲೆಯವಳು, ನಮ್ಮ ಚಿಕ್ಕಮ್ಮನ ಊರಿನ ಕಡೆಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಹಾಸನದಲ್ಲಿ ಪಿಯುಸಿ, ಮೈಸೂರಿನಲ್ಲಿ ಇಂಜಿನಿಯರಿಂಗ್. ಬೆಂಗಳೂರಿನ ಒಂದು ಸರ್ವೀಸ್ ಕಂಪನಿಯಲ್ಲಿ ಐದು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್. ಇಂಗ್ಲಿಷ್ ಬರುವುದಿಲ್ಲ ಅನ್ನುವ ಹಾಗಿಲ್ಲ. ಅವಳು ಬರೆದ ಬಗ್ ರಿಪೋರ್ಟ್ ನೋಡಿದ್ದೇನೆ, ಒಂದು ಪದ ಜಾಸ್ತಿ ಇಲ್ಲ, ಒಂದು ಪದ ಕಡಿಮೆ ಇಲ್ಲ. ಸಾಫ್ಟ್‌ವೇರ್ ಎಲ್ಲಿ ಕೆಟ್ಟಿದೆ ಅಂತ ಹೇಳಲು ಬರುವ ಇಂಗ್ಲಿಷು, ತನಗೆ ಏನು ಬೇಕು ಅಂತ ಕೇಳುವಾಗ ಮಾತ್ರ ಕೈಕೊಡುತ್ತಿತ್ತು.

ಒಂದು ಪ್ರಾಡಕ್ಟ್ ಕಂಪನಿಯಲ್ಲಿ ನಾಲ್ಕು ರೌಂಡ್ ಇಂಟರ್ವ್ಯೂ ಮುಗಿಸಿದ್ದಳು. ಆಫೀಸು ಬೆಂಗಳೂರಿನಲ್ಲಿ, ಆದರೆ ಅವಳ ಮ್ಯಾನೇಜರ್ ಆಗುವವರು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಕೊನೆಯ ರೌಂಡಿನಲ್ಲಿ ಅವರು ತೋರಿಸಿದ ಡೆಮೋದಲ್ಲೇ ಇವಳು ಒಂದು ಬಗ್ ಹಿಡಿದುಬಿಟ್ಟಳು. ಆ ಮನುಷ್ಯ ಜೋರಾಗಿ ನಕ್ಕು, ಅದನ್ನು ಬರೆದುಕೊಂಡರಂತೆ. ಅಂದರೆ ಕೆಲಸ ಅಲ್ಲೇ ಮುಕ್ಕಾಲು ಪಾಲು ಸಿಕ್ಕಿತ್ತು.

ಬಲಿಪಾಡ್ಯಮಿ ಕಳೆದು ಎರಡು ದಿನ. ಅವಳು ಇನ್ನೂ ಊರಲ್ಲೇ ಇದ್ದಳು. ಗುರುವಾರ ಸಂಜೆ ಆಫರ್ ಲೆಟರ್ ಬಂತು. ಮುಂದಿನ ಶುಕ್ರವಾರದೊಳಗೆ ಉತ್ತರ ಕೊಡಿ ಅಂತ ಇತ್ತು. ಜನವರಿ 22ಕ್ಕೆ ಜಾಯಿನ್ ಆಗಬೇಕು. ಲೆಟರ್ ಶುರುವಾಗಿದ್ದು "ಡಿಯರ್" ಅಂದು, ಆಮೇಲೆ ಅವಳ ಅಪ್ಪನ ಹೆಸರು. ನಮ್ಮ ಕಡೆ ಸರ್‌ನೇಮ್ ಅಂತ ಒಂದು ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ಫಾರಂನಲ್ಲಿ ಲಾಸ್ಟ್ ನೇಮ್ ಅಂತ ಕೇಳಿದ ಕಡೆ ಅಪ್ಪನ ಹೆಸರು ತುಂಬಿಸುತ್ತೇವೆ, ಕಂಪ್ಯೂಟರು ಅಪ್ಪನಿಗೇ ಕೆಲಸ ಕೊಡುತ್ತದೆ. ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. "ನೋಡಿದ್ಯಾ, ಅರವತ್ತನೇ ವಯಸ್ಸಿಗೆ ನಂಗೂ ಸಾಫ್ಟ್‌ವೇರ್ ಕೆಲಸ" ಅಂದರಂತೆ ಅವಳಪ್ಪ.

ಎಡವಿದ್ದು

ಅದೇ ರಾತ್ರಿ ಹನ್ನೊಂದು ಗಂಟೆ ದಾಟಿದ ಮೇಲೆ, ನೆಟ್‌ವರ್ಕ್ ಸಿಗುವ ಜಗಲಿಯ ಮೂಲೆಯಲ್ಲಿ ಕೂತು ಮೊಬೈಲಲ್ಲೇ ಅವಳು ಉತ್ತರ ಬರೆದು ಕಳಿಸಿಬಿಟ್ಟಳು. ಎಚ್‌ಆರ್‌ಗೆ ಕಳಿಸಿದ್ದು, ಆದರೆ ಡಬ್ಲಿನ್ ಮ್ಯಾನೇಜರ್ ಆ ಮೇಲ್‌ನಲ್ಲಿ ಕಾಪಿ ಇದ್ದರು. ಹೀಗಿತ್ತು ಅದು:

"ರೆಸ್ಪೆಕ್ಟೆಡ್ ಸರ್ ಆರ್ ಮ್ಯಾಡಮ್, ಐ ರಿಸೀವ್ಡ್ ಯುವರ್ ಮೇಲ್. ಐ ವಿಲ್ ಸೀ ಅಂಡ್ ಟೆಲ್. ಐ ಆ್ಯಮ್ ಹ್ಯಾವಿಂಗ್ ಸಮ್ ಡೌಟ್ಸ್ ಇನ್ ದಿ ಆಫರ್. ಕೈಂಡ್ಲಿ ಇನ್‌ಕ್ರೀಸ್ ದ ಫಿಕ್ಸೆಡ್ ಪೇ ಅಂಡ್ ಡು ದ ನೀಡ್‌ಫುಲ್. ರಿವರ್ಟ್ ಬ್ಯಾಕ್ ಅಟ್ ದಿ ಅರ್ಲಿಯೆಸ್ಟ್."

ಇದನ್ನು ಓದಿ ನಗುವವರು ಸ್ವಲ್ಪ ನಿಲ್ಲಿ. ಇದೇ ಮೇಲ್ ಬೆಂಗಳೂರಿನಿಂದ ಬೆಂಗಳೂರಿಗೆ ಹೋಗಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ದಿನಕ್ಕೆ ಇಂಥವು ಹತ್ತು ನನ್ನ ಕಣ್ಣ ಮುಂದೆ ಹಾದುಹೋಗುತ್ತಿದ್ದವು, ಎಲ್ಲವೂ ಸರಿಯಾಗಿಯೇ ಅರ್ಥವಾಗುತ್ತಿದ್ದವು. ಇದು ನಮ್ಮ ಇಂಗ್ಲಿಷು. ತೊಂದರೆ ಆಗಿದ್ದು ಇದು ಊರು ಬಿಟ್ಟು ಹೋದಾಗ.

ಮಾರನೇ ದಿನ ಮಧ್ಯಾಹ್ನ ಮೂರೂವರೆಗೆ ಎಚ್‌ಆರ್ ಫೋನ್ ಬಂತು. ಡಬ್ಲಿನ್ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದೆ, ಅಲ್ಲಿ ಬೆಳಗ್ಗೆ ಹತ್ತು. ಅಂದರೆ ಆತ ಆಫೀಸಿಗೆ ಬಂದು, ಮೇಲ್ ಓದಿ, ಗಾಬರಿಯಾಗಿ ಎಚ್‌ಆರ್‌ಗೆ ಹೇಳಿದ್ದಾರೆ. ಎಚ್‌ಆರ್ ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಈ ಕಂಪನಿ ಮೇಲೆ ಏನೋ ಅನುಮಾನ ಇದೆಯಂತಲ್ಲ, ಇಂಟರೆಸ್ಟ್ ಇಲ್ವಾ?"

ಅವಳಿಗೆ ತಲೆಬುಡ ತಿಳಿಯಲಿಲ್ಲ. "ಇದೆ ಮೇಡಂ, ಇದೆ ಮೇಡಂ" ಅಂತ ನಾಲ್ಕು ಸಲ ಹೇಳಿ ಫೋನ್ ಇಟ್ಟು ನನಗೆ ಮಾಡಿದಳು. ಅಳು ಬರುವ ದನಿ. "ಅಕ್ಕಾ, ನಾನು ಡೌಟ್ ಕೇಳಿದ್ದಷ್ಟೇ."

ಅಲ್ಲೇ ಇತ್ತು ನೋಡಿ ಗಂಟು. ನಮಗೆ ಡೌಟ್ ಅಂದರೆ ಪ್ರಶ್ನೆ. ಒಂದನೇ ಕ್ಲಾಸಿನಿಂದ "ಡೌಟ್ ಇದ್ರೆ ಕೇಳಿ" ಅಂತಲೇ ಮೇಷ್ಟ್ರು ಹೇಳುತ್ತಾ ಬಂದಿದ್ದಾರೆ. ಆ ಐರ್ಲೆಂಡಿನವರಿಗೆ ಡೌಟ್ ಅಂದರೆ ನಂಬಿಕೆ ಇಲ್ಲದಿರುವುದು, ಮನಸ್ಸು ಹಿಂದೆಮುಂದೆ ನೋಡುವುದು. ಅವರು ಓದಿದ್ದು ಹೀಗೆ: ಈ ಹುಡುಗಿಗೆ ನಮ್ಮ ಆಫರ್ ಮೇಲೆ ನಂಬಿಕೆ ಇಲ್ಲ, ನೋಡಿ ಹೇಳುತ್ತಾಳಂತೆ, ಅಷ್ಟರಲ್ಲಿ ಸಂಬಳ ಏರಿಸಿ ಬೇಗ ತಿಳಿಸಬೇಕಂತೆ.

ಮೇಲ್ ಪೂರ್ತಿ ಓದಿದ ಮೇಲೆ ನನಗೆ ಇನ್ನೂ ಒಂದು ವಿಷಯ ಹೊಳೆಯಿತು, ಇದು ಇಷ್ಟು ವರ್ಷ ಆ ಕಡೆ ಕೂತಿದ್ದಾಗ ಹೊಳೆದಿರಲೇ ಇಲ್ಲ. ಅವಳು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿದ್ದು "ಸ್ವಲ್ಪ ಜಾಸ್ತಿ ಮಾಡಿಕೊಡಿ" ಅಂತ. ಎಷ್ಟು ಮರ್ಯಾದೆಯ ಮಾತು ಅದು! ‘ಸ್ವಲ್ಪ’ ಅಂದರೆ ಅಳತೆಯಲ್ಲ, ಮೆತ್ತಗೆ ಕೇಳುವ ಬಗೆ. ‘ಮಾಡಿ’ ಅನ್ನದೆ ‘ಮಾಡಿಕೊಡಿ’ ಅಂದಾಗ ನಿಮ್ಮಿಂದ ಉಪಕಾರವಾಗಲಿ ಅನ್ನುವುದು ಆ ‘ಕೊಡಿ’ಯಲ್ಲೇ ಬಂತು. ಕೊನೆಯ ‘ಇ’ಯಲ್ಲಿ ಬಹುವಚನದ ಗೌರವ. ನಮ್ಮ ವಿನಯವೆಲ್ಲಾ ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ. ಇಂಗ್ಲಿಷಿಗೆ ಹೋಗುವಾಗ ಆ ಬಾಲ ಕತ್ತರಿಸಿ ಬೀಳುತ್ತದೆ, ಉಳಿಯುವುದು ಬರೀ "ಇನ್‌ಕ್ರೀಸ್". ಏನೋ ಬೋಳಾಯಿತು ಅಂತ ನಮಗೂ ಅನ್ನಿಸುತ್ತದೆ. ಅದಕ್ಕೇ ಮುಂದೆ ಒಂದು "ಕೈಂಡ್ಲಿ" ಅಂಟಿಸುತ್ತೇವೆ. ಆದರೆ ಕೈಂಡ್ಲಿ ಬೋರ್ಡಿನ ಮೇಲಿನ ಮಾತು, ಚಪ್ಪಲಿ ಹೊರಗೆ ಬಿಡಿ ಅನ್ನುವ ಥರದ್ದು. ಅದರ ಹಿಂದೆ ಬರುವುದು ಅಪ್ಪಣೆಯೇ.

ಇಂಗ್ಲಿಷಿನವರ ವಿನಯ ಕೂತಿರುವ ಜಾಗ ಬೇರೆ. ಅವರು ಕೇಳುವುದನ್ನೇ ಪ್ರಶ್ನೆಯಾಗಿ ತಿರುಗಿಸುತ್ತಾರೆ. ಸಾಧ್ಯವಾಗಬಹುದೇ, ಅವಕಾಶ ಇದೆಯೇ, ಹೀಗೆ. ಇಲ್ಲ ಅನ್ನಲು ಎದುರಿನವರಿಗೆ ಬಾಗಿಲು ತೆರೆದಿಟ್ಟರೆ ಅದೇ ಮರ್ಯಾದೆ. "ವುಡ್ ಇಟ್ ಬಿ ಪಾಸಿಬಲ್" ಅಂದರೆ ನಮ್ಮ ‘ಮಾಡಿಕೊಡಿ’ಗೆ ಹತ್ತಿರ. "ಪ್ಲೀಸ್" ಒಂದನ್ನೇ ನಂಬಿದರೆ ಸಾಲದು.

ಇನ್ನೊಂದು, ಮೇಲ್‌ನಲ್ಲಿ ಥ್ಯಾಂಕ್ಸ್ ಇರಲೇ ಇಲ್ಲ. ಯಾಕೆ ಅಂತ ಕೇಳಿದೆ. "ಇನ್ನೂ ಒಪ್ಕೊಂಡೇ ಇಲ್ವಲ್ಲ ಅಕ್ಕ, ಯಾತಕ್ಕೆ ಥ್ಯಾಂಕ್ಸ್?" ನನಗೆ ನಗು ಬಂತು, ಆದರೆ ಅವಳ ಲೆಕ್ಕ ನಮ್ಮೂರಿನ ಲೆಕ್ಕವೇ. ಊಟ ಬಡಿಸಿದ ಅತ್ತೆಗೆ ಯಾರಾದರೂ ಧನ್ಯವಾದ ಹೇಳುತ್ತಾರಾ? ಹೇಳಿದರೆ "ಯಾಕೋ, ಹೊರಗಿನವನ ಥರ ಆಡ್ತೀಯಾ" ಅನ್ನುತ್ತಾರೆ. ಅಲ್ಲಿ ಹಾಗಲ್ಲ. ಆಫರ್ ಬಂತೆಂದರೆ ಮೊದಲ ಸಾಲು ಥ್ಯಾಂಕ್ಸ್, ಒಪ್ಪಲಿ ಬಿಡಲಿ. ಅದಿಲ್ಲದ ಮೇಲ್ ಮುಖ ತಿರುಗಿಸಿದ ಹಾಗೆ ಕಾಣುತ್ತದೆ.

ಉಳಿದ ಪದಗಳದ್ದು ಸಣ್ಣ ಮಾತು. ನೀಡ್‌ಫುಲ್ ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲೂ ಚಾಲ್ತಿಯಲ್ಲಿತ್ತು. ಅಲ್ಲಿ ಹಳತಾಗಿ ಹೋಯಿತು, ನಮ್ಮ ಕಚೇರಿಗಳಲ್ಲಿ ಉಳಿಯಿತು, ಕನ್ನಡ ಫೈಲಿನ ‘ಅಗತ್ಯ ಕ್ರಮಕ್ಕಾಗಿ’ ಇದ್ದ ಹಾಗೆ. ರಿವರ್ಟ್ ವಿಷಯದಲ್ಲಿ ಅವಳೇ ಹಣೆ ಚಚ್ಚಿಕೊಂಡಳು. ಕೋಡ್ ರಿವರ್ಟ್ ಮಾಡುವುದು ಅಂದರೆ ಹಳೆ ಸ್ಥಿತಿಗೆ ಹಿಂದಕ್ಕೆ ಒಯ್ಯುವುದು ಅಂತ ಟೆಸ್ಟಿಂಗ್‌ನಲ್ಲಿ ದಿನಾ ಬಳಸುವವಳು, ಮೇಲ್‌ನಲ್ಲಿ ಮಾತ್ರ ಅದನ್ನು ‘ಉತ್ತರಿಸಿ’ ಅನ್ನುವುದಕ್ಕೆ ಬರೆದಿದ್ದಳು. ಆಮೇಲೆ ರೆಸ್ಪೆಕ್ಟೆಡ್ ಸರ್. ಅದು ಶಾಲೆಯ ರಜಾ ಅರ್ಜಿಯದ್ದು. ಇಂದ, ಗೆ, ಮಾನ್ಯರೇ, ವಿಷಯ, ಇತಿ ತಮ್ಮ ವಿಧೇಯ. ಜ್ವರ ಬಂದಿದೆ ರಜೆ ಕೊಡಿ ಅಂತ ಕಲಿತ ಪತ್ರದ ಅಚ್ಚಿನಲ್ಲೇ ನಾವು ಹದಿನಾರು ಲಕ್ಷದ ಕೆಲಸಕ್ಕೂ ಉತ್ತರ ಬರೆಯುತ್ತೇವೆ. ಬೇರೆ ಅಚ್ಚು ಯಾರೂ ಕೊಟ್ಟೇ ಇಲ್ಲವಲ್ಲ.

ಮೂರು ಡ್ರಾಫ್ಟ್

ಶುಕ್ರವಾರ ಸಂಜೆ ಮಾಡಬೇಕಾಗಿದ್ದು ಮೊದಲು ಬೆಂಕಿ ಆರಿಸುವುದು. ಸಂಬಳದ ಮಾತು ಆಮೇಲೆ. ಅವತ್ತೇ ಎರಡು ಸಾಲು ಕಳಿಸಿದಳು: ಆಫರ್‌ಗೆ ಥ್ಯಾಂಕ್ಸ್, ನನ್ನ ಹಿಂದಿನ ಮೇಲ್‌ನಲ್ಲಿ ಡೌಟ್ಸ್ ಅಂದಿದ್ದು ಕೆಲವು ಪ್ರಶ್ನೆಗಳು ಅನ್ನುವ ಅರ್ಥದಲ್ಲಿ, ಈ ಕೆಲಸ ನನಗೆ ತುಂಬಾ ಇಷ್ಟ, ಬುಧವಾರದೊಳಗೆ ವಿವರವಾಗಿ ಬರೆಯುತ್ತೇನೆ. "ಐ ವಿಲ್ ಸೀ ಅಂಡ್ ಟೆಲ್" ಇದ್ದ ಜಾಗದಲ್ಲಿ ಈಗ ಒಂದು ದಿನ ಇತ್ತು. ನಮ್ಮಲ್ಲಿ ‘ನೋಡಿ ಹೇಳ್ತೀನಿ’ ಅಂದರೆ ಮುಕ್ಕಾಲು ಪಾಲು ಇಲ್ಲ ಅಂತಲೇ. ಹೆಣ್ಣು ನೋಡಿಹೋದವರು ಹೇಳುವ ಮಾತು ಅದು. ವಿಚಿತ್ರ ಅಂದರೆ ಅದನ್ನು ಇಂಗ್ಲಿಷಿಗೆ ತಂದರೂ ಅದೇ ವಾಸನೆ ಬರುತ್ತದೆ. ದಿನ ಹೇಳಿಬಿಟ್ಟರೆ ಆ ವಾಸನೆ ಹೋಗುತ್ತದೆ.

ಶನಿವಾರ ಅವಳು ಬೆಂಗಳೂರಿಗೆ ಬಂದಳು. ಕೈಯಲ್ಲಿ ಒಂದು ರೆಡಿ ಡ್ರಾಫ್ಟ್. ಎಐಗೆ ಕೇಳಿ ಬರೆಸಿಕೊಂಡಿದ್ದಳು. ಮೊದಲ ಸಾಲೇ "ಐ ಆ್ಯಮ್ ಅಬ್ಸಲ್ಯೂಟ್ಲಿ ಥ್ರಿಲ್ಡ್ ಅಂಡ್ ಡಿಲೈಟೆಡ್ ಟು ಅಕ್ಸೆಪ್ಟ್". ವ್ಯಾಕರಣ ತಪ್ಪಿಲ್ಲ, ಒಂದು ಕಾಮಾ ಆಚೀಚೆ ಇಲ್ಲ. ಆದರೆ ಎರಡು ತೊಂದರೆ. ಅವಳು ಯಾವತ್ತೂ ಹಾಗೆ ಮಾತಾಡುವವಳಲ್ಲ, ಇಂಟರ್ವ್ಯೂನಲ್ಲಿ ನೆಟ್ಟಗೆ ನಾಲ್ಕು ಮಾತಾಡಿದ ಹುಡುಗಿ ಮೇಲ್‌ನಲ್ಲಿ ಕುಣಿದಾಡಿದರೆ ಓದುವವರಿಗೆ ಯಾರೋ ಬೇರೆಯವರು ಬರೆದಂತೆ ಕಾಣುತ್ತದೆ. ಎರಡನೆಯದು ದೊಡ್ಡದು. ಅಕ್ಸೆಪ್ಟ್ ಅಂತ ಮೊದಲ ಸಾಲಿನಲ್ಲೇ ಹೇಳಿ ಮೂರನೇ ಪ್ಯಾರಾದಲ್ಲಿ ಸಂಬಳ ಕೇಳಿತ್ತು. ಸೀರೆ ಪ್ಯಾಕ್ ಮಾಡಿಸಿ ದುಡ್ಡು ಎಣಿಸಿದ ಮೇಲೆ ಚೌಕಾಸಿಗೆ ಇಳಿದ ಹಾಗೆ. ಅದನ್ನು ಪಕ್ಕಕ್ಕೆ ಇಟ್ಟೆವು.

ಎರಡನೆಯ ಡ್ರಾಫ್ಟ್ ನನ್ನದು. ಇಲ್ಲಿ ತಪ್ಪು ಮಾಡಿದ್ದು ನಾನು. ಮೊದಲನೆಯದು ಒರಟಾಗಿತ್ತಲ್ಲ, ಅದನ್ನು ಸರಿಮಾಡುವ ಭರದಲ್ಲಿ ವಿಪರೀತ ಮೆತ್ತಗೆ ಮಾಡಿಬಿಟ್ಟೆ. "ಐ ವಾಸ್ ಜಸ್ಟ್ ವಂಡರಿಂಗ್ ಇಫ್ ಪರ್‌ಹ್ಯಾಪ್ಸ್ ಇಟ್ ಮೈಟ್ ಬಿ ಪಾಸಿಬಲ್" ಅಂತ ಶುರು, ಮುಗಿಯುವಷ್ಟರಲ್ಲಿ ಏನು ಕೇಳಿದ್ದು ಅಂತ ನನಗೇ ಮರೆತಿತ್ತು. ಎಚ್‌ಆರ್ ಕುರ್ಚಿಯಲ್ಲಿ ನಾನೇ ಕೂತಿದ್ದರೆ ಇದಕ್ಕೆ "ಸಾರಿ, ಸಾಧ್ಯವಿಲ್ಲ" ಅಂತ ಒಂದು ನಿಮಿಷದಲ್ಲಿ ಬರೆದು ಟೀ ಕುಡಿಯಲು ಹೋಗುತ್ತಿದ್ದೆ. ಅವಳು ಓದಿ ಸುಮ್ನೆ ಕೂತಳು. ಆಮೇಲೆ ಮೆಲ್ಲಗೆ, "ಅಕ್ಕ, ಇದು ಕ್ಷಮಾಪಣೆ ಪತ್ರದ ಥರ ಇದೆ ಅಲ್ವಾ?" ಅಂದಳು. ಇತ್ತು.

ಅಲ್ಲಿಂದ ಮುಂದೆ ಕಂಪ್ಯೂಟರ್ ಮುಚ್ಚಿದೆವು. "ಇಂಗ್ಲಿಷ್ ಬಿಡು, ನಿನಗೆ ಏನು ಬೇಕು ಅಂತ ಕನ್ನಡದಲ್ಲಿ ಹೇಳು" ಅಂದೆ. "ಸಂಬಳ ಜಾಸ್ತಿ ಬೇಕು." ಎಷ್ಟು? ಗೊತ್ತಿಲ್ಲ. ಯಾವುದು ಜಾಸ್ತಿ? ಅದೂ ಗೊತ್ತಿಲ್ಲ. ನೋಡಿ, ಇಷ್ಟು ಹೊತ್ತು ಇಂಗ್ಲಿಷಿನ ತೊಂದರೆ ಅಂದುಕೊಂಡಿದ್ದರಲ್ಲಿ ಅರ್ಧ ಇಂಗ್ಲಿಷಿನದೇ ಅಲ್ಲ. ಏನು ಕೇಳಬೇಕು ಅಂತ ತೀರ್ಮಾನ ಆಗದೆ ಯಾವ ಭಾಷೆಯಲ್ಲೂ ಚೆನ್ನಾಗಿ ಕೇಳಲು ಬರುವುದಿಲ್ಲ.

ಕಾಗದ ಪೆನ್ನು ಹಿಡಿದು ಲೆಕ್ಕಕ್ಕೆ ಕೂತೆವು. ಸಿಟಿಸಿ, ಅಂದರೆ ಕಂಪನಿ ಅವಳಿಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 16 ಲಕ್ಷ. ಅದರಲ್ಲಿ 2 ಲಕ್ಷ ವೇರಿಯಬಲ್, ಕಂಪನಿ ಚೆನ್ನಾಗಿ ನಡೆದರೆ ಬರುವುದು. ಬೇಸಿಕ್ ವರ್ಷಕ್ಕೆ 6 ಲಕ್ಷ, ಅದರ ಶೇ 12 ಅಂದರೆ 72 ಸಾವಿರ ಕಂಪನಿ ಕಟ್ಟುವ ಪಿಎಫ್, ಅದೂ ಸಿಟಿಸಿ ಒಳಗೇ. ಗ್ರಾಚ್ಯುಟಿ ಅಂತ ಬೇಸಿಕ್‌ನ ಶೇ 4.81, ಸುಮಾರು 29 ಸಾವಿರ, ಐದು ವರ್ಷ ಇದ್ದರೆ ತಾನೇ ಅದು ಕೈಗೆ ಸಿಗುವುದು. ಎಲ್ಲಾ ಕಳೆದರೆ ಫಿಕ್ಸೆಡ್ 13 ಲಕ್ಷದ ಹತ್ತಿರ. ಅದರಲ್ಲಿ ಅವಳ ಪಾಲಿನ ಪಿಎಫ್ ಮತ್ತು ತೆರಿಗೆ ಇನ್ನೂ ಹೋಗಬೇಕು. ಸದ್ಯ ಅವಳ ಫಿಕ್ಸೆಡ್ ಹನ್ನೊಂದಕ್ಕೆ ಸ್ವಲ್ಪ ಕಡಿಮೆ. ಅವಳೇ ಯೋಚಿಸಿ ಹದಿನಾಲ್ಕೂವರೆ ಕೇಳ್ತೀನಿ ಅಂದಳು, ಹದಿಮೂರೂವರೆಗೆ ಕಡಿಮೆ ಬಂದರೆ ಮತ್ತೆ ಯೋಚನೆ. ಸಂಬಳಕ್ಕಿಂತ ಮುಖ್ಯವಾದದ್ದು ತಾರೀಖು. ಈಗಿನ ಕಂಪನಿಯಲ್ಲಿ ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ, 90 ದಿನ. ಜನವರಿ 22ಕ್ಕೆ ಯಾವ ಲೆಕ್ಕದಲ್ಲೂ ಬಿಡುಗಡೆ ಇಲ್ಲ. ಫೆಬ್ರವರಿ 26, ಸೋಮವಾರ, ಆಗುತ್ತದೆ. ಇದನ್ನು ಮೊದಲ ಮೇಲ್‌ನಲ್ಲಿ ಅವಳು ಬರೆದೇ ಇರಲಿಲ್ಲ! ಕೇಳಿದರೆ ಆಫರ್ ಹೋಗಿಬಿಡುತ್ತೇನೋ ಅಂತ ಹೆದರಿಕೆ.

ಇಲ್ಲೊಂದು ತಿರುವು ಬಂತು. ಸೋಮವಾರ ಎಚ್‌ಆರ್ ಜತೆ ಫೋನಲ್ಲಿ ಮೊದಲು ಮಾತಾಡು, ಆಮೇಲೆ ಮೇಲ್ ಅಂತ ನಾನು ಹೇಳಿದೆ. ಅವಳಿಗೆ ಇಷ್ಟವಿಲ್ಲ. ಫೋನ್ ಅಂದರೆ ಇಂಗ್ಲಿಷಿನಲ್ಲಿ ತಡವರಿಸಬೇಕಲ್ಲ. "ಶುಕ್ರವಾರ ಅವರು ನಿನ್ನ ಜತೆ ಯಾವ ಭಾಷೇಲಿ ಮಾತಾಡಿದ್ರು?" ಅಂತ ಕೇಳಿದೆ. ಒಂದು ಕ್ಷಣ ಯೋಚಿಸಿ ಕಣ್ಣರಳಿಸಿದಳು. ಕನ್ನಡ! ಗಾಬರಿಯಲ್ಲಿ ಅದು ಗಮನಕ್ಕೇ ಬಂದಿರಲಿಲ್ಲ. ಸೋಮವಾರ ಇಪ್ಪತ್ತು ನಿಮಿಷ ಇಬ್ಬರೂ ಕನ್ನಡದಲ್ಲೇ ಮಾತಾಡಿದರು. ಎಚ್‌ಆರ್ ಮೇಡಂ ಸಾಗರದ ಕಡೆಯವರಂತೆ, ಅಡಿಕೆ ಕೊಯ್ಲಿನ ಸುದ್ದಿಯೂ ಬಂದು ಹೋಯಿತಂತೆ. "ನೀವು ಇದನ್ನೇ ಮೇಲ್ ಹಾಕಿ, ನಾನು ಡಬ್ಲಿನ್‌ಗೆ ಫಾರ್ವರ್ಡ್ ಮಾಡ್ತೀನಿ. ನಂಬರ್ ಸ್ಪಷ್ಟವಾಗಿ ಬರೀರಿ, ಅವರಿಗೆ ನಂಬರ್ ಬೇಕು" ಅಂದರು. ಅಷ್ಟು ಸಾಕಾಯಿತು.

ಮಂಗಳವಾರ ರಾತ್ರಿ ಹೋದ ಮೇಲ್ ಇದು. ಹೆಚ್ಚುಕಮ್ಮಿ ಅವಳದೇ, ನಾನು ಎರಡು ಕಡೆ ಕೈ ಹಾಕಿದ್ದೇನೆ.

"ಥ್ಯಾಂಕ್ ಯು ಫಾರ್ ದಿ ಆಫರ್, ಅಂಡ್ ಫಾರ್ ಟೇಕಿಂಗ್ ಮಿ ಥ್ರೂ ದ ಡೀಟೇಲ್ಸ್ ಯೆಸ್ಟರ್ಡೇ. ಐ ವುಡ್ ರಿಯಲಿ ಲೈಕ್ ಟು ಜಾಯಿನ್ ದ ಟೀಮ್. ಬಿಫೋರ್ ಐ ಸೈನ್, ಐ ಹ್ಯಾವ್ ಟು ರಿಕ್ವೆಸ್ಟ್ಸ್. ಗಿವನ್ ದ ರೋಲ್ ವಿ ಡಿಸ್ಕಸ್ಡ್, ಐ ವಾಸ್ ಹೋಪಿಂಗ್ ಫಾರ್ ಎ ಫಿಕ್ಸೆಡ್ ಪೇ ಆಫ್ 14.5 ಲ್ಯಾಕ್ಸ್. ಈಸ್ ದೇರ್ ಎನಿ ರೂಮ್ ಟು ಮೂವ್ ಆನ್ ದಟ್? ಮೈ ನೋಟಿಸ್ ಪೀರಿಯಡ್ ಈಸ್ 90 ಡೇಸ್, ಸೋ ವುಡ್ ಇಟ್ ಬಿ ಪಾಸಿಬಲ್ ಟು ಸ್ಟಾರ್ಟ್ ಆನ್ 26 ಫೆಬ್ರವರಿ?"

ಕೊನೆಯಲ್ಲಿ ಅಪ್ಪನ ಹೆಸರಿನ ವಿಷಯ, "ಒನ್ ಸ್ಮಾಲ್ ಕರೆಕ್ಷನ್" ಅಂತ ಶುರುಮಾಡಿ, ಪ್ಯಾನ್ ಕಾರ್ಡಿನಲ್ಲಿ ಇರುವ ಹಾಗೆ ಹೆಸರು. ಇದನ್ನು ಬಿಟ್ಟಿದ್ದರೆ ಆಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ, ಪಿಎಫ್ ವರ್ಗಾವಣೆಯಲ್ಲಿ ತಲೆನೋವು. ನಿಮ್ಮ ಉತ್ತರ ಬಂದ ಮಾರನೇ ದಿನವೇ ನನ್ನ ತೀರ್ಮಾನ ತಿಳಿಸುತ್ತೇನೆ ಅಂತ ಒಂದು ಸಾಲು.

ಇದರಲ್ಲಿ ನಾನು ಕೈಹಾಕಿದ್ದು ಎಲ್ಲಿ ಅಂದರೆ, ಒಂದು, ಅವಳು "ಐ ಆ್ಯಮ್ ಎಕ್ಸ್‌ಪೆಕ್ಟಿಂಗ್" ಅಂದಿದ್ದಳು. ಎಕ್ಸ್‌ಪೆಕ್ಟ್ ಅಂದರೆ ಬರಲೇಬೇಕು ಅನ್ನುವ ದನಿ, ಬಾಕಿ ವಸೂಲಿ ಥರ. ವಾಸ್ ಹೋಪಿಂಗ್ ಅಂದರೆ ಆಸೆ ಇತ್ತು, ಇನ್ನು ನಿಮ್ಮ ಕೈಯಲ್ಲಿದೆ ಅಂತ. ಅವಳು ಕೇಳಿದಳು, "ಈಗ ತಾನೇ ಕೇಳ್ತಿರೋದು, ಭೂತಕಾಲ ಯಾಕೆ?" ಒಳ್ಳೆ ಪ್ರಶ್ನೆ. ಕನ್ನಡದಲ್ಲೂ "ನಿಮ್ಮ ಹತ್ರ ಒಂದು ವಿಷಯ ಮಾತಾಡಬೇಕಿತ್ತು" ಅಂತೀವಲ್ಲ, ಬೇಕು ಅನ್ನದೆ ಬೇಕಿತ್ತು ಅಂತ. ಅದೇ ಇದು. ಕಾಲವನ್ನು ಹಿಂದಕ್ಕೆ ತಳ್ಳಿದರೆ ಒತ್ತಾಯ ಕಡಿಮೆಯಾಗುತ್ತದೆ. ಎರಡನೆಯದು, ಡಿಸ್ಕಸ್ಡ್ ಆದಮೇಲೆ ಇದ್ದ ಅಬೌಟ್ ತೆಗೆದೆ. ನಮ್ಮ ‘ಬಗ್ಗೆ’ ಅಲ್ಲಿಗೆ ನುಸುಳಿಕೊಂಡು ಬರುತ್ತದೆ.

ಆಮೇಲೆ

ಗುರುವಾರ ಉತ್ತರ ಬಂತು. ಹದಿನಾಲ್ಕೂವರೆ ಸಿಗಲಿಲ್ಲ, ಫಿಕ್ಸೆಡ್ 13.75 ಆಯಿತು. ಅದರ ಜತೆ 1 ಲಕ್ಷ ಜಾಯಿನಿಂಗ್ ಬೋನಸ್, ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು. ಫೆಬ್ರವರಿ 26 ಒಪ್ಪಿಗೆ. ಹೆಸರು ಸರಿಯಾಗಿತ್ತು. ಅಪ್ಪನ ಕೆಲಸ ಹೋಯಿತು.

ಒಪ್ಪಿಗೆಯ ಮೇಲ್ ಶುಕ್ರವಾರ ಕಳಿಸಿದಳು. ಐದೇ ಸಾಲು. ಥ್ಯಾಂಕ್ಸ್, ಐ ಆ್ಯಮ್ ಹ್ಯಾಪಿ ಟು ಅಕ್ಸೆಪ್ಟ್, ಸಹಿ ಮಾಡಿದ ಲೆಟರ್ ಜತೆಗಿದೆ. ಆಮೇಲೆ ಒಪ್ಪಿದ ಸಂಬಳ, ತಾರೀಖು, ಬೋನಸ್ ಮೂರನ್ನೂ ಒಂದು ಸಾಲಿನಲ್ಲಿ ಮತ್ತೆ ಬರೆಸಿದೆ, ಫೋನಲ್ಲಿ ಆಡಿದ ಮಾತು ಕಾಗದದ ಮೇಲೆ ಇರಲಿ ಅಂತ. ಕೊನೆಗೆ "ಲುಕಿಂಗ್ ಫಾರ್ವರ್ಡ್ ಟು ವರ್ಕಿಂಗ್ ವಿತ್ ಯು ಆಲ್". ಇದರಲ್ಲಿ ವರ್ಕ್ ಅಂತ ಬರೆಯುವವರೇ ಜಾಸ್ತಿ, ವರ್ಕಿಂಗ್ ಆಗಬೇಕು. ಸೋಮವಾರ ಹಳೇ ಕಂಪನಿಗೆ ರಾಜೀನಾಮೆ ಕೊಟ್ಟಳು. ಲಿಖಿತ ಆಫರ್ ಕೈಗೆ ಬಂದು, ಒಪ್ಪಿಗೆ ಕಳಿಸಿದ ಮೇಲೆ. ಅದಕ್ಕಿಂತ ಒಂದು ದಿನ ಮುಂಚೆಯೂ ಅಲ್ಲ. ಈ ವಿಷಯದಲ್ಲಿ ನಾನು ಹಟಮಾರಿ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಡಿಸೆಂಬರ್ ಮೊದಲ ವಾರ ಎರಡನೇ ಕಂಪನಿಯ ಆಫರ್ ಬಂತು. ಮೂರು ರೌಂಡ್ ಇಂಟರ್ವ್ಯೂ ಆಗಿ ತಿಂಗಳಿಂದ ಸುದ್ದಿ ಇಲ್ಲದ ಕಂಪನಿ, ಈಗ ಸಿಟಿಸಿಯಲ್ಲಿ ಒಂದೂವರೆ ಲಕ್ಷ ಜಾಸ್ತಿ. ಗೆಳತಿಯರೆಲ್ಲಾ "ತಗೋ, ಎಲ್ರೂ ಹಾಗೇ ಮಾಡೋದು" ಅಂದರು. ಮಾಡುತ್ತಾರೆ, ನಿಜ. ಜಾಯಿನ್ ಆಗುವ ದಿನ ಬೆಳಗ್ಗೆ ಫೋನ್ ಸ್ವಿಚ್ ಆಫ್ ಮಾಡಿಕೊಂಡವರನ್ನು ನಾನೇ ಕಂಡಿದ್ದೇನೆ. ಅವಳಪ್ಪ "ಮಾತು ಕೊಟ್ಟಾಯ್ತಲ್ಲ" ಅಂದು ಸುಮ್ಮನಾದರು. ನಾನು ಏನೂ ಹೇಳಲಿಲ್ಲ. ಅವಳೇ ಲೆಕ್ಕ ಬಿಡಿಸಿದಳು, ಈಗ ಬರುತ್ತಿತ್ತಲ್ಲ. ಜಾಸ್ತಿ ಇದ್ದದ್ದರಲ್ಲಿ ಬಹುಪಾಲು ವೇರಿಯಬಲ್, ಜತೆಗೆ ರಾತ್ರಿ ಶಿಫ್ಟು. ಬೇಡ ಅಂತ ತೀರ್ಮಾನಿಸಿದಳು.

ಬೇಡ ಅನ್ನುವುದು ಬೇಕು ಅನ್ನುವುದಕ್ಕಿಂತ ಕಷ್ಟ ಅಂತ ಗೊತ್ತಾಗಿದ್ದು ಆಗ. ಅವಳ ಡ್ರಾಫ್ಟ್‌ನಲ್ಲಿ ನಾಲ್ಕು ಕಡೆ "ಸಾರಿ" ಅನ್ನುವ ಕ್ಷಮೆ, ಅಜ್ಜಿಗೆ ಹುಷಾರಿಲ್ಲ ಅಂತ ಒಂದು ಸುಳ್ಳು. "ಅಜ್ಜಿಗೆ ಏನಾಗಿದೆ?" ಅಂದೆ. "ಗಟ್ಟಿಮುಟ್ಟಾಗಿದಾರೆ ಅಕ್ಕ, ಮದ್ವೆ ಮನೇಲಿ ಇಡೀ ದಿನ ಓಡಾಡಿದ್ರು." ಕಾರಣ ಹೇಳದಿದ್ದರೆ ದುರಹಂಕಾರ ಅನ್ನಿಸುತ್ತೆ ಅನ್ನುವುದು ಅವಳ ಭಯ. ನಮ್ಮಲ್ಲಿ ಮದುವೆಗೆ ಬರಲ್ಲ ಅನ್ನಲೂ ಒಂದು ಕಾರಣ ಬೇಕು, ಅದು ಸುಳ್ಳು ಅಂತ ಇಬ್ಬರಿಗೂ ಗೊತ್ತಿದ್ದರೂ ಸರಿ. ಆದರೆ ಎಚ್‌ಆರ್‌ಗೆ ಕಾರಣ ಬೇಕಾಗಿಲ್ಲ, ಬೇಗ ಗೊತ್ತಾಗಬೇಕು ಅಷ್ಟೇ, ಮುಂದಿನವರನ್ನು ಕರೆಯಬೇಕಲ್ಲ. ಸಾರಿಗಳನ್ನು ತೆಗೆದೆವು, ಅಜ್ಜಿಯನ್ನೂ. ಉಳಿದದ್ದು: ಆಫರ್‌ಗೂ ನಿಮ್ಮ ಸಮಯಕ್ಕೂ ಥ್ಯಾಂಕ್ಸ್, "ಆಫ್ಟರ್ ಸಮ್ ಥಾಟ್, ಐ ಹ್ಯಾವ್ ಡಿಸೈಡೆಡ್ ಟು ಟೇಕ್ ಅಪ್ ಅನದರ್ ರೋಲ್".

ಕೊನೆಯ ಸಾಲಿಗೆ ಏನು ಬರೆಯುವುದು ಅಂತ ಅವಳು ಪೆನ್ನು ಕಚ್ಚುತ್ತಾ ಕೂತಿದ್ದಳು. ಮನೆಯಿಂದ ಹೊರಡುವಾಗ ಏನಂತೀಯಾ ಅಂತ ಕೇಳಿದೆ. "ಬರ್ತೀನಿ ಅಂತೀನಿ." ಹೋಗ್ತೀನಿ ಅನ್ನಲ್ಲ ಅಲ್ವಾ? ಅದನ್ನೇ ಬರಿ ಅಂದೆ. ಯೋಚಿಸಿ "ಐ ಹೋಪ್ ಅವರ್ ಪಾತ್ಸ್ ಕ್ರಾಸ್ ಅಗೇನ್" ಅಂತ ಹುಡುಕಿ ತಂದಳು. ಇದು ನಾನು ಹೇಳಿಕೊಟ್ಟದ್ದಲ್ಲ. ಆ ಕಂಪನಿಯಿಂದ ಒಂದು ಸಾಲಿನ ಉತ್ತರ ಬಂತು, ಆಲ್ ದ ಬೆಸ್ಟ್ ಅಂತ, ಅಷ್ಟಕ್ಕೆ ಮುಗಿಯಿತು.

ಫೆಬ್ರವರಿ 26ಕ್ಕೆ ಜಾಯಿನ್ ಆದಳು. ಮೊದಲ ವಾರದ ವಿಡಿಯೋ ಕಾಲ್‌ನಲ್ಲಿ ಡಬ್ಲಿನ್ ಮ್ಯಾನೇಜರ್ ಕೇಳಿಯೇಬಿಟ್ಟರಂತೆ, ಅವತ್ತು ನಿನಗೆ ಇದ್ದ ಆ ಡೌಟ್ಸ್ ಯಾವುವು ಅಂತ. ಇವಳು ಬೆಂಗಳೂರಿನಲ್ಲಿ ಡೌಟ್ ಅಂದರೆ ಏನು, ಮೇಷ್ಟ್ರು ಹೇಗೆ ಕೇಳುತ್ತಿದ್ದರು ಎಲ್ಲಾ ವಿವರಿಸಿದಳಂತೆ. ಈಗ ಪ್ರತಿ ಮೀಟಿಂಗ್ ಮುಗಿಯುವಾಗ ಆ ಮನುಷ್ಯ ಬೆಂಗಳೂರು ಟೀಮಿನ ಕಡೆ ನೋಡಿ, ತನ್ನ ಐರಿಷ್ ರಾಗದಲ್ಲಿ "ಎನಿ ಡೌಟ್ಸ್?" ಅಂತಾರಂತೆ.